ಏಳು ನೆಲಮಾಳಿಗೆ ಮತ್ತು ಒಬ್ಬ ವಾಲ್ಮನ್

ದಾರಿ ಮರೆತ ಮೆದುಳಿಗೆ ಆಟವಾಡಿಸಿ ದಾರಿ ಕಲಿಸಬಹುದೇ ಎಂಬ ಪ್ರಶ್ನೆ ಡಾಕ್ಟರ್ ಪಾಂಡುರಂಗಿಯವರದು. ಆಟ ನನ್ನದು. ಹಾಗಾಗಿ ಆಟದಲ್ಲಿದ್ದ ತಪ್ಪೂ ನನ್ನದೇ. ಅದನ್ನು ಹಿಡಿದು ತೋರಿಸಿದವರು ಹುಬ್ಬಳ್ಳಿಯ ಹಳೇ ಪ್ಯಾಟಿಯಲ್ಲಿ ಮೂವತ್ತೊಂದು ವರ್ಷ ನಳದ ನೀರು ಬಿಟ್ಟ ವಾಲ್ಮನ್ ಯಮನೂರಪ್ಪ. ಅವರು ಅಲ್ಲಿಯವರೆಗೆ ಒಂದೇ ಒಂದು ವಿಡಿಯೋ ಗೇಮ್ ಮುಟ್ಟಿದವರಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ನನ್ನ ಹೆಸರು ವಾರಿಜಾ. ಹನ್ನೆರಡು ವರ್ಷ ಮಕ್ಕಳ ಆಟಗಳಿಗೆ ಒಗಟಿನ ನೆಲಮಾಳಿಗೆಗಳನ್ನು ಕಟ್ಟಿದವಳು. ಕೀಲಿ ಒಂದು ಕಡೆ, ಬಾಗಿಲು ಇನ್ನೊಂದು ಕಡೆ, ನಡುವೆ ತಿರುಗುವ ಗೋಡೆ, ಕೊನೆಗೊಂದು ಮೃಗ. ನನ್ನ ನೆಲಮಾಳಿಗೆಗಳಲ್ಲಿ ಸಿಕ್ಕಿಕೊಂಡ ಹುಡುಗರು ಬೈದು ಬರೆದ ಪತ್ರಗಳನ್ನು ನಾನು ಜತನದಿಂದ ಇಟ್ಟಿದ್ದೇನೆ. ಅಷ್ಟು ಜಂಬ ನನಗಿತ್ತು.

ಧಾರವಾಡದ ಪ್ರಯೋಗಾಲಯಕ್ಕೆ ಪಾಂಡುರಂಗಿ ಸರ್ ನನ್ನನ್ನು ಕರೆಸಿಕೊಂಡಾಗ ವಿಷಯವನ್ನು ಹೀಗೆ ತಿಳಿಸಿದರು. ಮೆದುಳಿನ ಆಳದಲ್ಲಿ ಒಂದು ಪುಟ್ಟ ಭಾಗವಿದೆ. ಅಲ್ಲಿನ ಒಂದೊಂದು ಜೀವಕೋಶವೂ ಒಂದೊಂದು ಜಾಗಕ್ಕೆ ಮೀಸಲು. ನೀವು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಒಂದು ಮಿಡಿಯುತ್ತದೆ, ಬಚ್ಚಲಿಗೆ ಹೋದಾಗ ಇನ್ನೊಂದು. ಮೆದುಳು ಜ್ವರ ಬಂದು ಅವು ಕೆಟ್ಟರೆ ಮನುಷ್ಯನಿಗೆ ಎಲ್ಲವೂ ಕಾಣುತ್ತದೆ, ಎಲ್ಲರ ಗುರುತೂ ಸಿಗುತ್ತದೆ, ತಾನು ಎಲ್ಲಿದ್ದೇನೆ ಎನ್ನುವುದೊಂದು ತಿಳಿಯುವುದಿಲ್ಲ. ಸರ್ ಕಂಡುಹಿಡಿದ ಔಷಧವನ್ನು ಮೂಗಿಗೆ ಸಿಂಪಡಿಸಿದರೆ ನಲವತ್ತು ನಿಮಿಷ ಆ ಭಾಗ ಹದಕ್ಕೆ ಬರುತ್ತದೆ. ನಾವು ಔಷಧವನ್ನೇ ‘ಹದ’ ಎಂದು ಕರೆಯುತ್ತಿದ್ದೆವು. ಆ ನಲವತ್ತು ನಿಮಿಷದಲ್ಲಿ ಕಲಿತ ಜಾಗಗಳು ಬೇರು ಬಿಡುತ್ತವೆ. ಹಾಗೆ ಜಾಗ ಹಿಡಿಯಲು ಮತ್ತೆ ಕಲಿತ ಮೆದುಳು ಆಮೇಲೆ ನಿಜವಾದ ಮನೆ, ಓಣಿಗಳನ್ನೂ ಹಿಡಿಯುತ್ತದೆ.

ಆದರೆ ಏನನ್ನು ಕಲಿಸುವುದು? ರೋಗಿಗಳನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು, ನಕಾಶೆ ತೋರಿಸಿ ನೋಡಿದರು. ಮೆದುಳು ಆಕಳಿಸಿತು. ಸ್ವಲ್ಪ ಹೆದರಿಕೆ, ಸ್ವಲ್ಪ ಹಟ, ದಾರಿ ಕಟ್ಟಿ ನಿಂತ ಗೋಡೆ, ಅದು ಬಿಡಿಸಿದಾಗಿನ ಖುಷಿ, ಇಷ್ಟೂ ಇದ್ದರೆ ಮಾತ್ರ ಅದು ಕಲಿಯುತ್ತದೆ. ಅಂದರೆ ಅದಕ್ಕೆ ಬೇಕಾದದ್ದು ನನ್ನ ನೆಲಮಾಳಿಗೆ. ಹಾಗೆ ಹುಟ್ಟಿದ್ದು ‘ಏಳು ನೆಲಮಾಳಿಗೆ’ ಎಂಬ ಆಟ. ಕಣ್ಣಿಗೆ ಕನ್ನಡಕ ಹಾಕಿಕೊಂಡರೆ ನೀವೇ ದೀಪ ಮತ್ತು ಕತ್ತಿ ಹಿಡಿದ ವೀರರು. ಒಗಟು ಬಿಡಿಸುತ್ತ ಇಳಿಯಬೇಕು, ಕಾವಲುಗಾರರಿಂದ ತಪ್ಪಿಸಿಕೊಳ್ಳಬೇಕು, ಪ್ರತಿ ನೆಲಮಾಳಿಗೆಯ ತಳದಲ್ಲಿರುವ ಮೃಗವನ್ನು ಗೆಲ್ಲಬೇಕು. ಗೆದ್ದ ಕೂಡಲೇ ನೀಲಿ ಬೆಳಕೊಂದು ಇಳಿದುಬಂದು ನಿಮ್ಮನ್ನು ಎತ್ತಿ ನೇರವಾಗಿ ಹೊರಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಹನ್ನೊಂದು ಜನ ಆಡಿದರು. ಒಂಬತ್ತು ಜನ ಈಗ ತಾವೇ ಮನೆಗೆ ಹೋಗಿ ಬರುತ್ತಾರೆ. ಆ ಒಂಬತ್ತರಲ್ಲಿ ನಾಲ್ವರಿಗೆ ಹಳೆಯದೊಂದು ಜಾಗ ಅಳಿಸಿಹೋಯಿತು. ಪದ್ಮಾವತಿ ಟೀಚರ್‌ಗೆ ಹೋದದ್ದು ತವರುಮನೆ. ಫೋಟೋದಲ್ಲಿ ಬಾಗಿಲು ತೋರಿಸಿದರೆ ಯಾರ ಮನೆ ಎಂದು ಹೇಳುತ್ತಾರೆ. ಬಾಗಿಲ ಹಿಂದೆ ಏನಿತ್ತು ಎಂದರೆ ಗೊತ್ತಿಲ್ಲ. “ಮಾರ್ಕೆಟ್ಟು ಸಿಕ್ತು, ತವರುಮನಿ ಹೋತು” ಎಂದು ನಕ್ಕರು. ಆಮೇಲೆ ನಗಲಿಲ್ಲ. ಅಂದಿನಿಂದ ಹೊಸ ರೋಗಿಯ ಮನೆಗೆ ಒಪ್ಪಿಗೆ ಕೇಳಲು ಹೋಗುವುದೆಂದರೆ ನನಗೆ ಕಾಲು ಎಳೆಯುತ್ತಿತ್ತು.

ಹನ್ನೆರಡನೆಯವರು ಯಮನೂರಪ್ಪ. ಬಾವಿ ಓಣಿಯ ಅವರ ಮನೆಗೆ ಹೋದಾಗ ಹೆಂಡತಿ ಕಾಶವ್ವ ಅವರನ್ನು ಮೊಣಕೈ ಹಿಡಿದು ಒಳಮನೆಯಿಂದ ಪಡಸಾಲೆಗೆ ಕರೆತಂದರು. ಹತ್ತು ಹೆಜ್ಜೆಯ ದೂರ. ಗಟ್ಟಿಮುಟ್ಟಾದ ಆಳು, ಅಂಗೈ ತುಂಬ ದಡ್ಡು, ಮಾತು ನೇರ.

“ಹೋದ ವರ್ಷ ಮನಿ ಬಿಟ್ಟು ಎರಡು ಮನಿ ದಾಟಿ ನಿಂತಿದ್ದೆ ನೋಡ್ರಿ ಅಕ್ಕಾರ. ಮೂರು ತಾಸು. ಮೂವತ್ತೊಂದು ವರ್ಷ ಅವರಿಗೆಲ್ಲಾ ನೀರು ಬಿಟ್ಟೀನಿ. ನನ್ನ ಮನಿ ಎಲ್ಲೈತಿ ಅಂತ ಅವರನ್ನ ಹೆಂಗ ಕೇಳ್ಲಿ? ಗ್ವಾಡಿ ಹಿಡ್ಕೊಂಡು ನಿಂತೆ” ಎಂದರು.

ಅಷ್ಟರಲ್ಲಿ ಫೋನು ಬಂತು. ಅವರ ಜಾಗಕ್ಕೆ ಬಂದಿದ್ದ ವಾಲ್ಮನ್ ದಾವಲಸಾಬ. ಕುಂಬಾರ ಓಣಿಗೆ ನೀರು ಏರುತ್ತಿಲ್ಲವಂತೆ. ಯಮನೂರಪ್ಪ ಕಣ್ಣು ಮುಚ್ಚಿದರು. ಎರಡೂ ಕೈ ಗಾಳಿಯಲ್ಲೇ ವಾಲಿನ ಉದ್ದನೆಯ ಚಾವಿ ತಿರುಗಿಸತೊಡಗಿದವು.

“ನೀರಿನ ಟಾಕಿ ಕೆಳಗಿನ ದೊಡ್ಡ ವಾಲ್ ಆರು ಸುತ್ತು ಇಡು. ಮಸೂತಿ ಮುಂದಿಂದು ಪೂರಾ ಬಂದ್ ಮಾಡು. ಹತ್ತು ನಿಮಿಷ ಬಿಟ್ಟು ಕುಂಬಾರ ಓಣಿದು ಒಂಬತ್ತು ಸುತ್ತು ತೆಗಿ. ಗಾಳಿ ಹೊಂಟ ಮ್ಯಾಲೆ ಇನ್ನೆರಡು.”

ಕೊಳವೆ ಎಲ್ಲಿದೆಯೆಂದು ಕಚೇರಿಯ ಕಾಗದದಲ್ಲಿ ಇದೆ. ಯಾವ ವಾಲ್ ಎಷ್ಟು ಸುತ್ತು ತೆರೆದರೆ ಏರಿನ ಮೇಲಿನ ಮನೆಗೂ ಇಳಿಜಾರಿನ ಮನೆಗೂ ಸಮನಾಗಿ ನೀರು ಸಿಗುತ್ತದೆ ಎಂಬುದು ಕಾಗದಕ್ಕೆ ಬರುವಂಥದ್ದಲ್ಲ. ಜ್ವರ ಮನೆಯನ್ನೂ ಓಣಿಯನ್ನೂ ತಿಂದುಹಾಕಿ, ಅದ್ಯಾಕೋ ನೆಲದ ಕೆಳಗಿನ ಈ ಊರನ್ನು ಮಾತ್ರ ಬಿಟ್ಟಿತ್ತು. ಫೋನು ಇಟ್ಟಾಗ ಅವರ ಮುಖ ಐದು ವರ್ಷ ಎಳೆಯದಾಗಿತ್ತು. ಮರುಕ್ಷಣ ಹೆಂಡತಿಯ ಕಡೆ ತಿರುಗಿ ಬಚ್ಚಲು ಯಾವ ಕಡೆ ಎಂದು ಕೇಳಿದರು.

ನಾನು ಆಟದ ಬಗ್ಗೆ ಹೇಳಿದೆ. ಅಪಾಯವನ್ನೂ ಹೇಳಿದೆ. ಮುಚ್ಚಿಡುವ ಹಾಗಿರಲಿಲ್ಲ, ಮುಚ್ಚಿಡಲು ಮನಸ್ಸೂ ಇರಲಿಲ್ಲ.

“ಹೋಗೂದು ಯಾವ್ದು ಅಂತ ಮೊದ್ಲ ಹೇಳಾಕ ಬರತೈತೇನ್ರಿ?”

“ಇಲ್ಲ ಕಾಕಾ. ಬರಂಗಿಲ್ಲ.”

“ಹಂಗಾರ ಬ್ಯಾಡ್ರಿ. ನನ್ನ ತಲ್ಯಾಗ ಉಳದದ್ದು ಅದೊಂದ. ಅದೂ ಹ್ವಾದ್ರ ನಾ ಏನು, ಕುಂದ್ರಿಸಿದಲ್ಲಿ ಕುಂದ್ರೂ ಗಂಟು.”

ಕಾಶವ್ವ ಚಹಾ ಕೊಟ್ಟರು. ಬಾಗಿಲವರೆಗೆ ಬಂದು ದನಿ ತಗ್ಗಿಸಿ, “ನಾ ಆಡ್ರಿ ಅನ್ನಂಗಿಲ್ಲ, ಬ್ಯಾಡ್ರಿ ಅನ್ನಂಗಿಲ್ಲ. ಹದಿನಾಲ್ಕು ತಿಂಗಳಾತು, ಅವರನ್ನ ಬಿಟ್ಟು ಕಾಯಿಪಲ್ಲೆಕ್ಕೂ ಹೋಗಿಲ್ಲ. ಹಂಗಂತ ಅವರ ಕಡೆ ಇದ್ದದ್ದನ್ನ ಕಸ್ಕೊಳ್ಳಾಕ ಬರತೈತೇನ್ರಿ?” ಎಂದರು.

ನನಗೆ ಸೋಲುವುದು ಅಭ್ಯಾಸವಿಲ್ಲ. ಮತ್ತೆ ಒಳಗೆ ಹೋಗಿ, “ಔಷಧ ಹಾಕದ ಒಂದ್ಸಲ ಬರೇ ಆಡಿ ನೋಡ್ರಿ ಕಾಕಾ. ಔಷಧ ಇಲ್ಲಂದ್ರ ಏನೂ ಅಳಿಸಂಗಿಲ್ಲ. ಏನು ಅಂತ ತಿಳದ ಮ್ಯಾಲೆ ಒಲ್ಲೆ ಅನ್ರಿ” ಎಂದೆ.

ಅವರು ಹೆಂಡತಿಯ ಕಡೆ ಕೈ ಮಾಡಿದರು. “ಇಕಿನೂ ಬರಲೇನ್ರಿ? ಧಾರವಾಡ ನೋಡಿದಂಗ ಆಕ್ಕೈತಿ.”

ಹಾಗೆ ಒಪ್ಪಿದರು, ಆಟಕ್ಕಲ್ಲ, ಹೆಂಡತಿಯ ಧಾರವಾಡಕ್ಕೆ.

ಪ್ರಯೋಗಾಲಯದಲ್ಲಿ ಅವರ ತಲೆಗೆ ತಂತಿಗಳ ಟೊಪ್ಪಿಗೆ ಹಾಕಿದೆವು. ಮೆದುಳಿನ ಯಾವ ಕೋಶ ಎಲ್ಲಿ ಮಿಡಿಯುತ್ತದೆ ಎಂದು ಅದು ಬರೆದುಕೊಳ್ಳುತ್ತದೆ. ಕನ್ನಡಕ ಏರಿತು. ಕಾಶವ್ವ ಪಕ್ಕದ ಕುರ್ಚಿಯಲ್ಲಿ ಸೆರಗು ಬಿಗಿಹಿಡಿದು ಕುಳಿತರು. ದೊಡ್ಡ ಪರದೆಯ ಮೇಲೆ ನಮಗೂ ಎಲ್ಲ ಕಾಣುತ್ತಿತ್ತು.

ಮೊದಲ ಬಾಗಿಲಿಗೆ ಬಂದವರೇ ಯಮನೂರಪ್ಪ ಕತ್ತಿಯ ಹಿಡಿಯಿಂದ ಮೂರು ಸಲ ಬಡಿದರು. ನಿದ್ದೆ ಮಾಡುತ್ತಿದ್ದ ಕಾವಲುಗಾರರೆಲ್ಲ ಎದ್ದು ಬಂದು ಅವರನ್ನು ಮುಗಿಸಿಬಿಟ್ಟರು. ಎರಡನೆಯ ಸಲವೂ ಬಡಿದರು. ಮೂರನೆಯ ಸಲವೂ.

“ಯಾಕ ಬಡೀತೀರಿ ಕಾಕಾ?”

“ಮುಚ್ಚಳ ತೆಗಿಯೂಕಿಂತ ಮೊದ್ಲ ಬಡೀಬೇಕ್ರಿ. ವಾಲಿನ ಗುಂಡ್ಯಾಗ ಹಾವು ಮಲಗಿರತಾವ. ಪಾಪ, ಸರದು ಹೋಗ್ಲಿ ಅಂತ.”

ಐದನೆಯ ಸಲಕ್ಕೆ ಬಡಿಯುವುದನ್ನು ಬಿಟ್ಟು ಓಡುವುದನ್ನು ಕಲಿತರು. ಆ ಬಾಗಿಲಾಚೆ ಇದ್ದದ್ದು ನನ್ನ ಹೆಮ್ಮೆಯ ನೀರಿನ ನೆಲಮಾಳಿಗೆ. ಮೂರು ಚಕ್ರ, ಮೂರು ತೂಬು, ಒಂದು ತಿರುಗಿಸಿದರೆ ಇನ್ನೊಂದು ಕೋಣೆ ಮುಳುಗುತ್ತದೆ. ಇಂಜಿನಿಯರುಗಳೂ ಇಲ್ಲಿ ಅರ್ಧ ಗಂಟೆ ತಿಣುಕಿದ್ದಾರೆ. ಯಮನೂರಪ್ಪ ಗೋಡೆಗೆ ಕಿವಿಯಿಟ್ಟು ನೀರಿನ ಸದ್ದು ಕೇಳಿದರು, ಒಂಬತ್ತು ನಿಮಿಷದಲ್ಲಿ ತಳ ಮುಟ್ಟಿದರು. ಮೃಗದ ಜೊತೆ ಕಾದಾಡುವ ಗೋಜಿಗೇ ಹೋಗಲಿಲ್ಲ. ಅದರ ಹೊಂಡದ ನೀರು ಖಾಲಿ ಮಾಡಿ, ಅದು ಸುಸ್ತಾಗಿ ಮಲಗಿದಾಗ ದಾಟಿ ಹೋದರು. ನನ್ನ ಎರಡು ವರ್ಷದ ಕೆಲಸ ಕಣ್ಣೆದುರೇ ನೀರುಪಾಲಾಯಿತು.

ನೀಲಿ ಬೆಳಕು ಇಳಿಯಿತು. ಅವರು ಅದರ ಪಕ್ಕದಿಂದ ಹಾದು, ಬಂದ ದಾರಿಗೇ ತಿರುಗಿ ನಡೆದರು.

“ಕಾಕಾ, ಬೆಳಕಿನ್ಯಾಗ ನಿಂದರ್ರಿ. ಮುಗೀತು. ಅದ ನಿಮ್ಮನ್ನ ಹೊರಗ ಬಿಡತೈತಿ.”

“ಮೂರು ವಾಲ್ ತೆರದು ಬಂದೀನಲ್ರೀ. ತೆರದದ್ದು ಮುಚ್ಚದ ಹ್ವಾದ್ರ ಕೆಳಗಿನ ಓಣ್ಯಾಗ ನೀರು ಹರದು ಹೊಕ್ಕೈತಿ.”

ಆಟದಲ್ಲಿ ಕೆಳಗಿನ ಓಣಿಯೇ ಇಲ್ಲ ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ನೀರಿನ ಸದ್ದನ್ನೇ ಹಿಡಿದು ಕೋಣೆಯಿಂದ ಕೋಣೆಗೆ ಹಿಂದೆ ನಡೆದು ಮೂರನೆಯ ಚಕ್ರ ಮುಚ್ಚಿದರು, ಎರಡನೆಯದು ಮುಚ್ಚಿದರು, ಮೊದಲನೆಯದನ್ನೂ ಮುಚ್ಚಿದರು. ವಾಪಸು ಬರುವವರಿಗಾಗಿ ನಾನು ಕಟ್ಟಿದ ನೆಲಮಾಳಿಗೆ ಅದಲ್ಲ. ಹೊರಬಾಗಿಲು ಧಡಕ್ಕನೆ ಮುಚ್ಚಿಕೊಂಡು, ವೀರ ಒಳಗೇ ಉಳಿದ. ಪರದೆಯ ಮೇಲೆ ಸೊನ್ನೆ ಅಂಕ ಬಂತು.

ಅವರು ಕನ್ನಡಕ ತೆಗೆದು, “ನಿಮ್ಮ ಪೈಪ್ ಕೆಲಸ ಮಾಡಿದಾಂವ ಸರಿ ಇಲ್ರಿ ಅಕ್ಕಾರ” ಎಂದರು. ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಹೇಗೂ ಹೊರಗೆ ಬಂತು.

ಗಂಡ ಹೆಂಡತಿ ಊಟಕ್ಕೆ ಹೋದಾಗ ಪಾಂಡುರಂಗಿ ಸರ್ ನನ್ನನ್ನು ಕರೆದರು. ಟೊಪ್ಪಿಗೆ ಬರೆದುಕೊಂಡದ್ದು ಪರದೆಯ ಮೇಲಿತ್ತು. ಹಳೆಯ ಜಾಗಗಳಿಗೆ ನೀಲಿ ಚುಕ್ಕೆ, ಹೊಸವಕ್ಕೆ ಕೆಂಪು. ಔಷಧವಿಲ್ಲದ್ದರಿಂದ ಮಸುಕಾಗಿದ್ದರೂ ಕಾಣುತ್ತಿತ್ತು. ಕೆಳಗೆ ಇಳಿಯುವಾಗ ಕೆಂಪು ಚುಕ್ಕೆಗಳು ಸಿಕ್ಕಸಿಕ್ಕ ನೀಲಿಯ ಮೇಲೆ ಕೂರುತ್ತಿದ್ದವು. ಅದು ಎಲ್ಲರಲ್ಲೂ ಹಾಗೆಯೇ.

“ಇಲ್ಲಿ ನೋಡವಾ. ಇವರು ತಿರುಗಿ ಬರಲಿಕ್ಕೆ ಹತ್ತಿದ ಮ್ಯಾಲೆ ಏನಾಗ್ತದ ನೋಡು” ಎಂದರು ಸರ್.

ಯಮನೂರಪ್ಪ ಒಂದೊಂದು ಕೋಣೆ ಹಿಂದೆ ನಡೆದಂತೆ ಒಂದೊಂದು ಕೆಂಪು ಚುಕ್ಕೆ ನೀಲಿಯನ್ನು ಬಿಟ್ಟು ಎದ್ದು ಖಾಲಿ ಜಾಗಕ್ಕೆ ಸರಿಯುತ್ತಿತ್ತು. “ಹೋಗೋವಾಗ ಮೆದುಳು ಗಡಿಬಿಡಿಯಿಂದ ಎಲ್ಲೆರೆ ಇಡ್ತದ. ಬರೋವಾಗ ಅದನ್ನ ಅದರ ಜಾಗಕ್ಕ ಜೋಡಿಸ್ತದ. ನಮ್ಮ ಹನ್ನೊಂದು ಮಂದ್ಯಾಗ ಯಾರೂ ವಾಪಸ್ ಬರಲೇ ಇಲ್ಲಲ್ಲ ವಾರಿಜಾ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ನೀಲಿ ಬೆಳಕು ನಾನು ಇಟ್ಟದ್ದು. ಗೆದ್ದ ಮೇಲೆ ಖಾಲಿ ಕೋಣೆಗಳಲ್ಲಿ ನಡೆದು ಬರುವುದು ಬೇಸರ ಎಂದು, ಆಟಗಾರರ ಮೇಲಿನ ಅಕ್ಕರೆಯಿಂದ ಇಟ್ಟದ್ದು. ಪದ್ಮಾವತಿ ಟೀಚರ್ ಅವರ ತವರುಮನೆಯನ್ನು ಅದು ನುಂಗಿತ್ತು. ಆ ಸಂಜೆ ನಾನು ಊಟ ಮಾಡಲಿಲ್ಲ.

ಮೂರು ವಾರ ಕೂತು ಏಳೂ ನೆಲಮಾಳಿಗೆಗಳನ್ನು ಬಿಚ್ಚಿ ಕಟ್ಟಿದೆ. ಬೆಳಕನ್ನು ಕಿತ್ತುಹಾಕಿದೆ. ಈಗ ಗೆದ್ದವರು ತೆರೆದದ್ದನ್ನೆಲ್ಲ ಮುಚ್ಚಿಕೊಂಡು ನಡೆದೇ ಹೊರಗೆ ಬರಬೇಕು, ಆಗಲೇ ಆಟ ಮುಗಿಯುವುದು. ಬಾವಿ ಓಣಿಗೆ ಓಡಿಹೋಗಬೇಕೆನಿಸಿತು. ಸರ್ ತಡೆದರು.

“ಒಬ್ಬ ಮನುಷ್ಯಾ, ಒಂದು ಆಟ, ಅದೂ ಔಷಧ ಇಲ್ಲದ. ಇದು ಊಹೆ. ಊಹೆ ಅಂತನೇ ಹೇಳು.”

ಹಾಗೆಯೇ ಹೇಳಿದೆ. ಪಡಸಾಲೆಯಲ್ಲಿ ಯಮನೂರಪ್ಪ ಪೂರ್ತಿ ಕೇಳಿಸಿಕೊಂಡರು. ಒಳಗೆ ಕಾಶವ್ವ ಹೀರೇಕಾಯಿ ಹೆಚ್ಚುತ್ತಿದ್ದರು.

“ಖಾತ್ರಿ ಏನ್ರಿ?”

“ಇಲ್ಲ ಕಾಕಾ. ಹಂಗ ಇರಬೇಕು ಅಂತ ಅನಸತೈತಿ. ಖಾತ್ರಿ ಇಲ್ಲ.”

ಅವರು ಎರಡೂ ಅಂಗೈ ಬಿಗಿದು ಮಡಿಲಿಗಿಟ್ಟುಕೊಂಡರು. ಇಲ್ಲ ಎನ್ನುತ್ತಾರೆಂದು ನನಗೆ ಗೊತ್ತಾಯಿತು. ಅದು ತಪ್ಪು ಎನ್ನುವ ಹಕ್ಕು ನನಗಿರಲಿಲ್ಲ. ಅಷ್ಟರಲ್ಲಿ ದಾವಲಸಾಬನ ಫೋನು ಬಂತು.

“ಕಾಕಾ, ಅಗಸರ ಓಣಿ ಒಣಗೇತಿ. ಮಂದಿ ಕೊಡ ಹಿಡ್ಕೊಂಡು ನನ್ನ ಸುತ್ತ ನಿಂತಾರ. ಗಿರಣಿ ಹಿಂದಿನ ವಾಲ್ ಎಷ್ಟು ತೆರೀಲಿ?”

ಕಣ್ಣು ಮುಚ್ಚಿತು, ಕೈ ಎದ್ದಿತು. “ಗಿರಣಿ ಹಿಂದಿಂದು... ಹನ್ನೊಂದು ಸುತ್ತು. ಬಲಕ್ಕ.” ಗಾಳಿಯಲ್ಲಿ ತಿರುಗುತ್ತಿದ್ದ ಕೈ ತಡವರಿಸಿ ನಿಂತಿತು. “ಬಲಕ್ಕೋ...”

“ಹನ್ನೊಂದಲ್ಲ, ಹದಿನಾಲ್ಕು.” ಮಾತು ಅಡುಗೆಮನೆಯಿಂದ ಬಂದಿತ್ತು. ಈಳಿಗೆಯ ಸದ್ದು ನಿಂತಿರಲಿಲ್ಲ. “ಅದು ಎಡಕ್ಕ ತಿರಗೂ ವಾಲ್ ಐತಿ. ಬಲಕ್ಕ ಜಗ್ಗಿದ್ರ ಮುರೀತೈತಿ ಅಂತ ಹೇಳ್ರಿ ಅವಂಗ.”

ಆ ಮಾತು ಫೋನಿನಲ್ಲಿ ದಾವಲಸಾಬನಿಗೂ ಕೇಳಿಸಿತು. “ಯಾರು, ಕಾಕೂ ಏನ್ರಿ?” ಎಂದ. ಎಡಕ್ಕೆ ಹದಿನಾಲ್ಕು ತಿರುಗಿಸಿದ. ಹತ್ತು ನಿಮಿಷಕ್ಕೆ ಮತ್ತೆ ಫೋನು ಮಾಡಿ, ನೀರು ಹತ್ತಿತು ಎಂದ.

ಯಮನೂರಪ್ಪ ಅಡುಗೆಮನೆಯ ದನಿ ಬಂದ ಕಡೆ ಮುಖ ಮಾಡಿದರು. “ನಿನಗ ಹೆಂಗ ಗೊತ್ತು?”

ಕಾಶವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ದನಿಯಲ್ಲಿ ನಿಜವಾದ ಸಿಟ್ಟಿತ್ತು. “ಮೂವತ್ತೊಂದು ವರ್ಷ ಊಟಕ್ಕ ಕುಂತಾಗ ಒಮ್ಮೆರೆ ಬ್ಯಾರೆ ಮಾತು ಆಡೀರೇನು? ಇವತ್ತು ಗಿರಣಿ ವಾಲ್ ಹಿಂಗ ಮಾಡ್ತು, ಮಸೂತಿ ವಾಲ್ ಹಂಗ ಮಾಡ್ತು. ರೊಟ್ಟಿ ಬಡ್ಕೋತ ನಾ ಏನು ಕಿವ್ಯಾಗ ಹತ್ತಿ ಇಟ್ಕೊಂಡಿದ್ನೇನು?”

“ಎಲ್ಲಾ ಗೊತ್ತೈತಿ?”

ಕಾಶವ್ವ ಟಾಕಿಯಿಂದ ಶುರು ಮಾಡಿದರು. ದೊಡ್ಡ ವಾಲ್, ಅದರ ಸುತ್ತು. ಮಸೂತಿಯ ಮುಂದಿನದು. ಕುಂಬಾರ ಓಣಿಯ ತಿರುವಿನಲ್ಲಿ ಕಲ್ಲಿನ ಕೆಳಗಿನದು, ಮುಚ್ಚಳ ಒಡೆದದ್ದು. ಬೇಸಿಗೆಗೊಂದು ಲೆಕ್ಕ, ಹಬ್ಬದ ದಿನಕ್ಕೊಂದು ಲೆಕ್ಕ. ಎಂದೂ ಚಾವಿ ಹಿಡಿಯದ, ಆ ಗುಂಡಿಗಳಲ್ಲಿ ಒಂದನ್ನೂ ನೋಡದ ಹೆಂಗಸು ನೆಲದ ಕೆಳಗಿನ ಊರನ್ನು ಓಣಿ ಓಣಿಯಾಗಿ ಹೇಳುತ್ತ ಹೋದರು. ಯಮನೂರಪ್ಪನವರ ಕಣ್ಣಿಂದ ನೀರು ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ. ನನಗೂ ತಡೆಯಲಾಗಲಿಲ್ಲ.

“ನಾನೊಬ್ಬನ ಹೊತಗೊಂಡೀನಿ ಅಂತ ತಿಳದಿದ್ದೆ” ಎಂದರು. ನನ್ನ ಕಡೆ ತಿರುಗಿದರು. “ಗಿರಣಿ ವಾಲ್ ಎಡಕ್ಕ ಅನ್ನೂದು ನನಗ ಮರ್ತಿತ್ತು ಅಕ್ಕಾರ. ಔಷಧ ಹಾಕದನ ಮರ್ತಿತ್ತು. ಕಾಯ್ಕೊಂಡು ಕುಂತ್ರೂ ಅದು ಹೊಂಟೈತಿ. ನಾ ಸುಮ್ನ ಬಾಗಿಲಾ ಹಾಕ್ಕೊಂಡು ಕುಂತೀನಿ.”

“ಹೋದದ್ದನ್ನ ನಾ ಹೇಳ್ತೇನಿ. ನೀವು ಮನಿ ದಾರಿ ಒಂದು ಕಲ್ಕೋರಿ” ಎಂದರು ಕಾಶವ್ವ.

“ಹಾಕ್ರಿ ನಿಮ್ಮ ಔಷಧ” ಎಂದರು ಯಮನೂರಪ್ಪ.

ಏಳು ವಾರ, ವಾರಕ್ಕೊಂದು ನೆಲಮಾಳಿಗೆ. ಪ್ರತಿ ಸಲವೂ ಇಳಿದರು, ಗೆದ್ದರು, ಒಂದೊಂದನ್ನೇ ಮುಚ್ಚುತ್ತ ನಡೆದು ಹೊರಬಂದರು. ಮೃಗಗಳನ್ನು ಮಾತ್ರ ಒಂದನ್ನೂ ಕೊಲ್ಲಲಿಲ್ಲ. ನಾಲ್ಕನೆಯ ವಾರ ಕುರ್ಚಿಯಿಂದ ಎದ್ದು, ಯಾರನ್ನೂ ಕೇಳದೆ, ಎರಡು ತಿರುವು ದಾಟಿ ಪಾಯಖಾನೆಗೆ ಹೋಗಿ ಬಂದರು. ನಾವೆಲ್ಲ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿ ಕೆಲಸ ಮಾಡುತ್ತಿರುವಂತೆ ನಟಿಸಿದೆವು. ಪಾಂಡುರಂಗಿ ಸರ್ ಅವರ ಕನ್ನಡಕ ತೇವವಾಗಿತ್ತು.

ಏಳನೆಯ ವಾರದ ಕೊನೆಗೆ ನಾನು ಹೆದರುತ್ತಿದ್ದ ಪರೀಕ್ಷೆ. ಕಾಶವ್ವ ಹೇಳಿ ಬರೆಸಿದ್ದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸರ್ ಒಂದೊಂದೇ ವಾಲ್ ಕೇಳಿದರು. ಎಂಬತ್ತಾರರಲ್ಲಿ ಎಂಬತ್ತಮೂರನ್ನು ಯಮನೂರಪ್ಪ ಸರಿಯಾಗಿ ಹೇಳಿದರು. ಉಳಿದ ಮೂರು ಜ್ವರದ ಪಾಲೋ ನನ್ನ ಆಟದ ಪಾಲೋ, ಇಂದಿಗೂ ಹೇಳಲಾರೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿಯ ಕಡೆ ನೋಡಿದರು, ಆಕೆ ಮೂರನ್ನೂ ಹೇಳಿದರು. ಬೆಳಕಿಲ್ಲದ ಈ ಆಟವನ್ನು ಆಮೇಲೆ ಇನ್ನೂ ಆರು ಜನ ಆಡಿದ್ದಾರೆ, ಯಾರಿಗೂ ಯಾವ ಜಾಗವೂ ಹೋಗಿಲ್ಲ. ಪದ್ಮಾವತಿ ಟೀಚರ್ ಅವರ ತವರುಮನೆ ಮಾತ್ರ ಇನ್ನೂ ಬಂದಿಲ್ಲ. ನಾವು ಪ್ರಯತ್ನ ಬಿಟ್ಟಿಲ್ಲ.

ಬಾವಿ ಓಣಿಗೆ ನೀರು ಬರುವ ದಿನ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ದಾವಲಸಾಬ ಅಂದು ಬರಲಿಲ್ಲ, ಬೇಕೆಂದೇ ಬರಲಿಲ್ಲ. ಯಮನೂರಪ್ಪ ವಾಲಿನ ಚಾವಿ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೊರಟರು. ಹಿಂದೆ ಯಾರೂ ಬರಬಾರದು ಎಂದಿದ್ದರು. ಓಣಿಯ ತಿರುವಿನಲ್ಲಿ ಅವರು ಮರೆಯಾದ ಮೇಲೆ ಕಾಶವ್ವ ಒಳಗೆ ಬಂದು ನಳದ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಕೊಡವನ್ನು ನಳದ ಕೆಳಗೆ ಇಡಲಿಲ್ಲ.

ನೀರು ಬರಬೇಕಾದ ಏಳು ಗಂಟೆ ದಾಟಿ ಏಳೂವರೆ ಆಯಿತು. ಎಂಟಾಗಲು ಬಂತು. ಯಾರಿಗಾದರೂ ಫೋನು ಮಾಡಲೇ ಎಂದು ನಾನು ಕೇಳಿದೆ. ಆಕೆ ನಳಕ್ಕೆ ಕಿವಿಯಿಟ್ಟರು. ಆಗ ನಳ ಕೆಮ್ಮಿತು. ಗಾಳಿ ಬುಸುಗುಟ್ಟಿತು, ಕೆಂಪು ನೀರು ಒಂದಿಷ್ಟು ಉಗುಳಿತು, ಆಮೇಲೆ ತಿಳಿನೀರು ದಪ್ಪಗೆ ಸುರಿಯತೊಡಗಿತು. ಹೊರಗೆ ಓಣಿಯುದ್ದಕ್ಕೂ “ನಳ ಬಂದಾವ, ನಳ ಬಂದಾವ” ಎಂಬ ಕೂಗು ಎದ್ದಿತು. ಕಾಶವ್ವ ಹರಿಯುವ ನೀರಿಗೆ ಎರಡೂ ಕೈಯೊಡ್ಡಿ ಸುಮ್ಮನೆ ಕುಳಿತಿದ್ದರು. ಅಷ್ಟು ನೀರು ಪೋಲಾಗುವುದನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ.

ನಂತರ ಎದ್ದು ಎರಡು ಕೊಡ ತುಂಬಿಸಿದರು. ಮುಖ ತೊಳೆದು ಬೇರೆ ಸೀರೆ ಉಟ್ಟರು, ಚೀಲ ತೆಗೆದುಕೊಂಡರು.

“ನಡೀರಿ ಅಕ್ಕಾರ, ಕಾಯಿಪಲ್ಲೆಕ್ಕ ಪ್ಯಾಟಿಗೆ ಹೋಗೂಣು.”

“ಅವರು ಬರೂ ತನಕಾ ಕಾಯೂಣಲ್ರೀ?”

“ಯಾಕ?” ಎಂದರು.

ಬಾಗಿಲಿಗೆ ಕೀಲಿ ಹಾಕಿ, ಪಕ್ಕದ ಮನೆಯ ಗುರುಬಸವ್ವನ ಕೈಗೆ ಮನೆಯ ಚಾವಿ ಕೊಟ್ಟರು. “ಅವರು ಬರ್ತಾರ, ಕೊಡು.”

ಗುರುಬಸವ್ವ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು. “ಒಬ್ಬರ ಬರ್ತಾರೇನ ಯಕ್ಕಾ?”

“ಒಬ್ಬರ ಬರ್ತಾರ” ಎಂದು ಹೇಳಿ ಕಾಶವ್ವ ಚಪ್ಪಲಿ ಮೆಟ್ಟಿಕೊಂಡರು. ಓಣಿ ದಾಟುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.